ಸ್ಯಾಂ-ಸಾಂಸ್ ಸೊನಾಟಾದಲ್ಲಿ ಹಿರಿಯರ ದನಿ

ಕೇಳುಗರೇ, ನಮಸ್ಕಾರ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಕ್ಲಾರಿನೆಟ್ ಕೇಳಿದವರು ನಿಮ್ಮಲ್ಲೂ ಇರಬಹುದು. ಇವತ್ತು ಅದೇ ವಾದ್ಯಕ್ಕೆ, ಪಿಯಾನೊ ಜೊತೆ ನುಡಿಸಲೆಂದು, ಫ್ರಾನ್ಸಿನ ಕಮೀಯ್ ಸ್ಯಾಂ-ಸಾಂಸ್ 1921ರಲ್ಲಿ ಬರೆದ ಸೊನಾಟಾದ ಬಗ್ಗೆ ಮಾತಾಡೋಣ. ಸೊನಾಟಾ ಅಂದರೆ ಒಂದೆರಡು ವಾದ್ಯಗಳಿಗೆಂದು ಬರೆದ, ಹಲವು ಭಾಗಗಳ ಕೃತಿ.

ಆಗ ಅವರಿಗೆ 85 ವರ್ಷ. ಅದೇ ಡಿಸೆಂಬರಿನಲ್ಲಿ ಅಲ್ಜಿಯರ್ಸ್‌ನಲ್ಲಿ ತೀರಿಕೊಂಡರು. ಯಾರೂ ಜಾಸ್ತಿ ಗಮನ ಕೊಡದ ವಾದ್ಯಗಳಿಗೆ ಬರೆಯಬೇಕು ಅಂತ ಆ ವರ್ಷ ಓಬೋ, ಕ್ಲಾರಿನೆಟ್, ಬಸೂನ್ ಮೂರಕ್ಕೂ ಒಂದೊಂದು ಸೊನಾಟಾ ಕೊಟ್ಟರು. ರಷ್ಯಾದ ಸ್ಟ್ರವಿನ್ಸ್ಕಿಯ ಹೊಸ ಬಗೆಯ ಸಂಗೀತ ಪ್ಯಾರಿಸ್ಸಿನಲ್ಲಿ ಗದ್ದಲ ಎಬ್ಬಿಸಿ ಆಗಲೇ ಎಂಟು ವರ್ಷವಾಗಿತ್ತು. ಆದರೂ ಇದನ್ನು ಕೇಳಿದರೆ ನೆನಪಾಗುವುದು 18ನೇ ಶತಮಾನದ ಮೊಜಾರ್ಟ್, ರಾಮೋ! ಕಾಲದ ಜೊತೆ ನಡೆಯದ ಮುದುಕ ಅಂತ ಅವರನ್ನು ತಳ್ಳಿಹಾಕಿದವರಿದ್ದಾರೆ. ನಾನಂತೂ ಒಪ್ಪುವುದಿಲ್ಲ.

ಮೊಜಾರ್ಟ್‌ನ ಸಂಗೀತ ಸ್ಯಾಂ-ಸಾಂಸ್‌ಗೆ ಚಿಕ್ಕಂದಿನಿಂದ ಕೈಗೆ ಹತ್ತಿದ್ದು. 1846ರಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ಪ್ಯಾರಿಸ್ಸಿನ ದೊಡ್ಡ ಕಛೇರಿಯಲ್ಲಿ ಮೊಜಾರ್ಟ್‌ನ ಪಿಯಾನೊ ಕನ್ಚರ್ಟೊ, ಅಂದರೆ ವಾದ್ಯವೃಂದದ ಜೊತೆ ಒಂಟಿ ಪಿಯಾನೊಗೆ ಬರೆದ ಕೃತಿ, ನುಡಿಸಿದ್ದರು. ಸೊನಾಟಾದ ಮೊದಲ ಭಾಗದಲ್ಲಿ ಆ ಪಾಠ ಕೇಳಿಸುತ್ತದೆ. ಪಿಯಾನೊ ಹಗುರವಾಗಿ ತೂಗುತ್ತಾ ಹೋಗುತ್ತದೆ, ಮೇಲೆ ಕ್ಲಾರಿನೆಟ್ ನಿರಾಳವಾಗಿ ಹಾಡುತ್ತದೆ. 1894ರಲ್ಲಿ ಜರ್ಮನಿಯ ಬ್ರಾಮ್ಸ್ ಬರೆದ ಕ್ಲಾರಿನೆಟ್ ಸೊನಾಟಾಗಳಲ್ಲಿ ಪಿಯಾನೊ ದಟ್ಟ. ಇಲ್ಲಿ ಒಂದೊಂದು ಸ್ವರವೂ ಬಿಡಿಯಾಗಿ ಕಿವಿಗೆ ಬೀಳುತ್ತದೆ.

ಎರಡನೇ ಭಾಗದಲ್ಲಿ ಗಾವೊಟ್ ಎಂಬ ಹಳೆಯ ಫ್ರೆಂಚ್ ಕುಣಿತದ ಹೆಜ್ಜೆ ಇದೆ. 18ನೇ ಶತಮಾನದ ರಾಮೋ ಕೃತಿಗಳನ್ನು ಅಚ್ಚಿಗೆ ತರಲು ಸಂಪಾದಕರಾಗಿ ದುಡಿದವರು ಈ ಸ್ಯಾಂ-ಸಾಂಸ್. ಅಂಥವರಿಗೆ ಈ ಹೆಜ್ಜೆ ಸಹಜವೇ ಅಲ್ವಾ?

ನನ್ನ ಮನಸ್ಸು ಹೋಗಿ ನಿಲ್ಲುವುದು ಮೂರನೇ ಭಾಗದಲ್ಲಿ. ತುಂಬಾ ವಿಳಂಬ, ಭಾರವಾದ ನಡೆ. ಕ್ಲಾರಿನೆಟ್ ಮಂದ್ರದಲ್ಲಿ, ತುಂಬು ಉಸಿರಿನಲ್ಲಿ, ಪಿಯಾನೊದ ದಪ್ಪ ಸ್ವರಗಳ ಜೊತೆ ಒಂದು ರಾಗ, ಅಂದರೆ ಒಂದು ಧಾಟಿ, ನುಡಿಸುತ್ತದೆ. ಆಮೇಲೆ ಅದೇ ರಾಗ ತಾರಸ್ಥಾಯಿಯಲ್ಲಿ, ತೀರಾ ಮೆಲ್ಲಗೆ. ಅಷ್ಟು ಮೇಲೆ ಹೋಗಿ ಸದ್ದು ಅಡಗಿಸಿ ನುಡಿಸುವುದು ಸುಮ್ನೆ ಮಾತಲ್ಲ. ತುಟಿ ಸ್ವಲ್ಪ ಸಡಿಲವಾದರೂ ಸ್ವರ ಬಿದ್ದುಹೋಗುತ್ತದೆ. ಕ್ಲಾರಿನೆಟ್‌ನ ಮಂದ್ರ ಮತ್ತು ತಾರ ಎರಡು ಬೇರೆ ದನಿಗಳಂತೆ ಕೇಳುತ್ತವೆ ಅನ್ನುವುದನ್ನು ಮೊಜಾರ್ಟ್ 1791ರ ಕನ್ಚರ್ಟೊದಲ್ಲೇ ತೋರಿಸಿದ್ದ. ಆದರೆ ಅವನು ಒಂದೇ ಉಸಿರಿನಲ್ಲಿ ಮೇಲಿಂದ ಕೆಳಗೆ ಹಾರುತ್ತಾನೆ. ಸ್ಯಾಂ-ಸಾಂಸ್ ಎರಡನ್ನೂ ಬೇರೆ ಮಾಡಿ, ಮೊದಲು ದುಃಖವನ್ನು ಇಡಿಯಾಗಿ ಹೇಳಿಸಿ, ಆಮೇಲೆ ಅದನ್ನೇ ದೂರದಿಂದ ಕೇಳಿಸುತ್ತಾರೆ. ಇದು ಯಾರಿಂದಲೂ ಕಡ ತಂದದ್ದಲ್ಲ.

ಕೊನೆಯ ಭಾಗದಲ್ಲಿ ಬೆರಳುಗಳಿಗೆ ಬಿಡುವಿಲ್ಲದ ಓಟ. ಅದು ಮುಗಿಯುವ ಹೊತ್ತಿಗೆ ಮೊದಲ ಭಾಗದ ರಾಗ ವಾಪಸ್ ಬರುತ್ತದೆ. ಒಂದು ರಾಗವನ್ನು ಇಡೀ ಕೃತಿಯಲ್ಲಿ ಓಡಾಡಿಸುವ ಈ ಪದ್ಧತಿಯಲ್ಲಿ ಹಂಗೇರಿಯ ಲಿಸ್ಟ್ ಪಳಗಿದ ಕೈ. ಅವರ ನೆನಪಿಗೆ ಅರ್ಪಿಸಿದ ತಮ್ಮ ಮೂರನೇ ಸಿಂಫನಿಯಲ್ಲಿ, ಅಂದರೆ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿಯಲ್ಲಿ, ಸ್ಯಾಂ-ಸಾಂಸ್ ಆ ಪದ್ಧತಿಯನ್ನೇ ಹಿಡಿದು ರಾಗದ ವೇಷ ಬದಲಿಸಿ, ಕೊನೆಗೆ ಆರ್ಗನ್ ಮೊಳಗಿಸಿದ್ದರು. ಇಲ್ಲಿ ಅಂಥದ್ದೇನೂ ಮಾಡಲಿಲ್ಲ. ರಾಗಕ್ಕೆ ಹೊಸ ಬಣ್ಣ ಹಚ್ಚದೆ, ದನಿಯೇರಿಸದೆ ಮುಗಿಸಿಬಿಟ್ಟರು. ಲಿಸ್ಟ್‌ನಿಂದ ಕಲಿತದ್ದನ್ನು ಹೀಗೆ ಬಳಸಲು ಧೈರ್ಯ ಬೇಕು.