ಸಂಬಳ, ಪ್ಯಾಕೇಜು, ಗೌರವಧನ

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ಪದವಿ ಕಾಲೇಜುಗಳಲ್ಲಿ 31 ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹಬ್ಬಕ್ಕೆ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳು ನಮ್ಮ ಮನೆಗೂ ಒಂದು ಸುತ್ತು ಬಂದು ಹೋಗುವುದುಂಟು. ಕಳೆದ ದೀಪಾವಳಿಯ ಸಂಜೆ ಇಬ್ಬರು ಒಟ್ಟಿಗೆ ಬಂದರು. ಒಂದೇ ತರಗತಿಯಲ್ಲಿ ಕೂತು ನನ್ನಿಂದ ಕಲನಶಾಸ್ತ್ರ ಕಲಿತವರು. ಅವನು ಎಂಸಿಎ ಮಾಡಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದನ್ನು ಸೇರಿದ. ಅವಳು ಎಂಎಸ್ಸಿ ಮುಗಿಸಿ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸು ಮಾಡಿ, ಹತ್ತು ವರ್ಷಕ್ಕೂ ಮೇಲಿಂದ ಅತಿಥಿ ಉಪನ್ಯಾಸಕಿ, ಅಂದರೆ ವರ್ಷ ವರ್ಷವೂ ಹೊಸದಾಗಿ ನೇಮಕವಾಗಬೇಕಾದವಳು. ಮಾತು ಸಂಬಳದ ಕಡೆ ಹೊರಳಿತು. ಅವಳಿಗೆ ವರ್ಷವಿಡೀ ದುಡಿದರೆ ಬರುವುದು ಅವನಿಗೆ ಎರಡು ತಿಂಗಳೊಳಗೆ ಬರುತ್ತದೆ. ಅವನಿಗೇ ಮುಜುಗರವಾಯಿತು. "ನೀವೇ ಹೇಳಿ ಮೇಡಂ, ನಮಗೆ ಇಷ್ಟು ಕೊಡೋದು ನ್ಯಾಯಾನಾ?" ಎಂದ. ಅವಳು ತಟ್ಟೆಯಲ್ಲಿದ್ದ ಕಜ್ಜಾಯ ಮುರಿಯುತ್ತಾ ಸುಮ್ಮನೆ ಕೂತಿದ್ದಳು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಯೋಚಿಸಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಜನ ಸಾಮಾನ್ಯವಾಗಿ ಕೊಡುವ ಕಾರಣ. ಕಂಪ್ಯೂಟರಿನ ಕೆಲಸ ಬುದ್ಧಿಯ ಕೆಲಸ, ಕಷ್ಟದ ಕೆಲಸ, ಅದಕ್ಕೇ ಸಂಬಳ ಹೆಚ್ಚು ಅನ್ನುತ್ತಾರೆ. ಕಷ್ಟ ಇರುವುದು ನಿಜ. ನಡುರಾತ್ರಿ ಯಾವುದೋ ದೇಶದ ಬ್ಯಾಂಕಿನ ಸರ್ವರ್ ನಿಂತುಹೋದರೆ ಹಾಸಿಗೆಯಿಂದ ಎದ್ದು ಕೂರುವವರು ಇವರೇ. ಆದರೆ ಅದೇ ನಡುರಾತ್ರಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಒಬ್ಬರು ಎದ್ದೇ ಇರುತ್ತಾರೆ. ಅಲ್ಲಿ ತಪ್ಪಾದರೆ ಹಿಂದಿನ ಆವೃತ್ತಿಗೆ ಮರಳುವ ದಾರಿಯೇ ಇಲ್ಲ. ಬುದ್ಧಿಯ ಮಾತಿಗೆ ಬಂದರೆ, ನನ್ನ ಆ ಇಬ್ಬರು ವಿದ್ಯಾರ್ಥಿಗಳಲ್ಲಿ ಯಾರ ಉತ್ತರ ಪತ್ರಿಕೆ ಹೆಚ್ಚು ಚೊಕ್ಕಟವಾಗಿರುತ್ತಿತ್ತು ಅನ್ನುವುದು ನನಗೆ ಗೊತ್ತು. ಅವನಿಗೂ ಗೊತ್ತು.

ಹಾಗಾದರೆ ಕಾರಣ ಎಲ್ಲಿದೆ? ನನ್ನ ಮಟ್ಟಿಗೆ ಅದು ಡಾಲರಿನಲ್ಲಿದೆ. ನಮ್ಮ ದೊಡ್ಡ ಐಟಿ ಕಂಪನಿಗಳು ಬಹುಮಟ್ಟಿಗೆ ಮಾರುವುದು ನಮ್ಮ ಮಕ್ಕಳ ಗಂಟೆಗಳನ್ನು. ಆ ಗಂಟೆಯ ಬಿಲ್ಲು ಹೋಗುವುದು ಅಮೆರಿಕಕ್ಕೋ ಯುರೋಪಿಗೋ, ಡಾಲರ್ ಯೂರೋಗಳಲ್ಲಿ. ಸಂಬಳ ಕೊಡುವುದು ರೂಪಾಯಿಯಲ್ಲಿ. 1991ರ ಜುಲೈನಲ್ಲಿ ರೂಪಾಯಿಯ ಬೆಲೆ ಇಳಿಸುವ ಮೊದಲು ಡಾಲರಿಗೆ ಸುಮಾರು 21 ರೂಪಾಯಿ ಇತ್ತು. ಈಗ 85 ದಾಟಿದೆ. ಬರೆದ ಕೋಡು ಎಷ್ಟು ಜಾಣತನದ್ದು ಎಂಬುದಕ್ಕಿಂತ ಅದನ್ನು ಕೊಳ್ಳುವವರು ಯಾವ ನಾಣ್ಯದಲ್ಲಿ ಕೊಡುತ್ತಾರೆ ಎಂಬುದು ಪಗಾರವನ್ನು ಹೆಚ್ಚು ನಿರ್ಧರಿಸಿದೆ. ಅಂಗನವಾಡಿಯ ಶಿಕ್ಷಕಿ ತನ್ನ ಗಂಟೆಯನ್ನು ನ್ಯೂಯಾರ್ಕಿಗೆ ಮಾರಲಾರಳು. ಅವಳ ಗಿರಾಕಿ ಮೂರು ವರ್ಷದ ಮಗು.

ಇದಕ್ಕೆ ಇನ್ನೊಂದು ಸಾಕ್ಷಿ ಐಟಿಯ ಒಳಗೇ ಇದೆ. ದೊಡ್ಡ ಸೇವಾ ಕಂಪನಿಗಳಲ್ಲಿ ಹೊಸದಾಗಿ ಸೇರುವ ಎಂಜಿನಿಯರುಗಳ ಆರಂಭದ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲ ವರ್ಷಕ್ಕೆ 3ರಿಂದ 3.5 ಲಕ್ಷದ ಆಸುಪಾಸಿನಲ್ಲೇ ನಿಂತಿತು. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಮನೆ ಬಾಡಿಗೆ ಎಲ್ಲಿಗೆ ಹೋಯಿತು ಅನ್ನುವುದನ್ನು ಮಕ್ಕಳನ್ನು ಕಳಿಸಿದ ತಂದೆತಾಯಿಗಳೇ ಬಲ್ಲರು. ಆ ವರ್ಷಗಳಲ್ಲಿ ಹುಡುಗರೇನು ದಡ್ಡರಾದರೇ? ಕಾಲೇಜುಗಳು ಹೆಚ್ಚಿದವು, ಸಾಲಿನಲ್ಲಿ ನಿಂತವರು ಹೆಚ್ಚಿದರು, ಕೇಳುವ ಬಲ ಕುಗ್ಗಿತು. ಐಟಿಯವರೆಂದರೆ ಎಲ್ಲರೂ ಲಕ್ಷಾಧೀಶರು ಎಂದು ಮಾತಾಡುವುದನ್ನು ನಾವು ಬಿಡಬೇಕು. ಬೆಳಿಗ್ಗೆ ಬಂದ ಒಂದು ಇಮೇಲಿನಿಂದ ಕೆಲಸ ಕಳೆದುಕೊಂಡು, ಮನೆ ಸಾಲದ ಕಂತು ಕಟ್ಟಲಾಗದೆ ನನಗೆ ಫೋನು ಮಾಡಿ ಅತ್ತ ವಿದ್ಯಾರ್ಥಿಗಳೂ ಇದ್ದಾರೆ.

ಇನ್ನು ಈ ಉದ್ಯಮ ಬೆಳೆದ ನೆಲದ ಮಾತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸಿದ್ದು 1976ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್. ನೆಲ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳದ್ದು. 1991ರಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಕಟ್ಟಿ, ಮಾಹಿತಿ ಕಡಲಾಚೆ ಹೋಗಲು ಉಪಗ್ರಹ ಸಂಪರ್ಕ ಒದಗಿಸಿತು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ 2011ರ ಮಾರ್ಚ್‌ವರೆಗೂ ಆದಾಯ ತೆರಿಗೆ ವಿನಾಯಿತಿ ಸಿಕ್ಕಿತು. ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿ ಬಂದ ಮೇಲೆ ನಮ್ಮ ಹಳ್ಳಿಗಾಡಿನ ಎಷ್ಟೋ ಮಕ್ಕಳು ಸರ್ಕಾರಿ ಶುಲ್ಕದಲ್ಲಿ ಎಂಜಿನಿಯರಿಂಗ್ ಓದಿದರು. ಇದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕೆಲಸವೇ ಆಯಿತು, ಲಕ್ಷಾಂತರ ಮನೆಗಳಲ್ಲಿ ದೀಪ ಹತ್ತಿತು. ಆದರೆ "ನನ್ನ ಸ್ವಂತ ಅರ್ಹತೆಯಿಂದ ಗಳಿಸಿದೆ" ಎಂದು ಯಾರಾದರೂ ಹೇಳುವಾಗ, ಆ ಅರ್ಹತೆಯ ಬುಡಕ್ಕೆ ಊರೆಲ್ಲ ಸೇರಿ ನೀರು ಹೊಯ್ದಿದೆ ಎನ್ನುವುದು ನೆನಪಿರಲಿ. ಆ ಊರಿನೊಳಗೆ ಅಂಗನವಾಡಿಯ ಆಯಾ ಇದ್ದಾರೆ, ಸರ್ಕಾರಿ ಶಾಲೆಯ ಮೇಷ್ಟ್ರು ಇದ್ದಾರೆ.

ಅವರಿಗೆ ನಾವು ಏನು ಕೊಡುತ್ತೇವೆ, ಮತ್ತು ಕೊಟ್ಟದ್ದನ್ನು ಏನೆಂದು ಕರೆಯುತ್ತೇವೆ? ಹೊಲದಲ್ಲಿ ದುಡಿದವರಿಗೆ ಕೂಲಿ, ಕಚೇರಿಯವರಿಗೆ ಸಂಬಳ, ಸಾಫ್ಟ್‌ವೇರಿನವರಿಗೆ ಪ್ಯಾಕೇಜು. ಅಂಗನವಾಡಿಯವರಿಗೆ ಗೌರವಧನ, ಆಶಾ ಕಾರ್ಯಕರ್ತೆಯರಿಗೆ ಪ್ರೋತ್ಸಾಹಧನ. ಕಿವಿಗೆ ಎಷ್ಟು ಹಿತ! ಸಂಬಳ ಎಂದು ಒಪ್ಪಿದರೆ ಕನಿಷ್ಠ ವೇತನ ಕೊಡಬೇಕಾಗುತ್ತದೆ, ಭವಿಷ್ಯನಿಧಿ, ಪಿಂಚಣಿ ಎಲ್ಲವೂ ಹಿಂದೆಯೇ ಬರುತ್ತವೆ. ಗೌರವಧನ ಎಂದರೆ ಅವು ಯಾವುವೂ ಬೇಕಿಲ್ಲ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ತಿ. ನರಸೀಪುರದಿಂದ. 47ನೇ ವರ್ಷಕ್ಕೆ, 2022ರ ಏಪ್ರಿಲಿನಲ್ಲಿ, ಸುಪ್ರೀಂ ಕೋರ್ಟು ಗುಜರಾತಿನ ಮೊಕದ್ದಮೆಯೊಂದರಲ್ಲಿ ಈ ಗೌರವಧನವೂ ವೇತನವೇ, ಇವರಿಗೂ ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಗ್ರಾಚ್ಯುಟಿ ಸಲ್ಲಬೇಕು ಎಂದು ಹೇಳಿತು. ಒಂದು ಪದದ ಅರ್ಥ ತಿದ್ದಲು ಅಷ್ಟು ವರ್ಷ ಹಿಡಿಯಿತು.

2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲೂ ರಾತ್ರಿ ಕೂತಿದ್ದನ್ನು ನೀವು ನೋಡಿರಬಹುದು. ರಾಜ್ಯದಲ್ಲಿ ಅವರು 40 ಸಾವಿರಕ್ಕೂ ಹೆಚ್ಚು ಮಂದಿ. ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಮುಖ್ಯಮಂತ್ರಿಗಳು 10,000ದ ಭರವಸೆ ಕೊಟ್ಟ ಮೇಲೆ ಎದ್ದರು. ಅವರ ಬೇಡಿಕೆಗಳಲ್ಲಿ ಇನ್ನೊಂದಿತ್ತು, ಅದು ನನ್ನ ಮನಸ್ಸಿನಲ್ಲಿ ಈಗಲೂ ಚುಚ್ಚುತ್ತದೆ. ಗರ್ಭಿಣಿಯ ಮನೆಗೆ ನಡೆದು ಹೋಗಿ, ತಪಾಸಣೆಗೆ ಕರೆತಂದು, ಲಸಿಕೆ ಹಾಕಿಸಿ ಮುಗಿಸಿದ್ದರೂ, ಆ ಕೆಲಸ ತಾಯಿ ಮಕ್ಕಳ ಆರೋಗ್ಯ ಸೇವೆಯ ಲೆಕ್ಕ ಇಡುವ ಸರ್ಕಾರಿ ಜಾಲತಾಣ ಆರ್‌ಸಿಎಚ್ ಪೋರ್ಟಲಿನಲ್ಲಿ ದಾಖಲಾಗದಿದ್ದರೆ ಆಶಾಗೆ ಅದರ ಹಣ ಬರುವುದಿಲ್ಲ. ದಾಖಲು ಮಾಡುವುದು ಬೇರೆಯವರು. ಹೀಗಾಗಿ ನಮ್ಮ ಪ್ರೋತ್ಸಾಹಧನವನ್ನು ಆ ಪೋರ್ಟಲಿನಿಂದ ಬಿಡಿಸಿ ಎಂದು ಕೇಳಿದರು. ಸಾಫ್ಟ್‌ವೇರ್ ಬರೆಯುವವರಿಗೂ ಈ ಹೆಂಗಸರಿಗೂ ಇರುವ ನಂಟು ಇಷ್ಟು ಹತ್ತಿರದ್ದು. ನನ್ನ ಶಿಷ್ಯನಿಗೆ ಇದನ್ನು ಹೇಳಿದಾಗ ಅವನು ತುಂಬಾ ಹೊತ್ತು ಮಾತಾಡಲಿಲ್ಲ.

ಆದ್ದರಿಂದ ಅವನ ಪ್ರಶ್ನೆಗೆ ನನ್ನ ಉತ್ತರ ಇದು. ನಿನ್ನ ಸಂಬಳ ಯಾರೂ ಕಿತ್ತುಕೊಳ್ಳಬೇಕಿಲ್ಲ ಮಗನೇ. ಅದು ಕಡಿಮೆಯಾದರೆ ಆಶಾಗೆ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ, ಉಳಿದದ್ದು ಕಂಪನಿಯ ಲಾಭದ ಪಟ್ಟಿಗೆ ಸೇರುತ್ತದೆ. ಆದರೆ ನಿನಗೆ ಹೆಚ್ಚು ಸಿಗುವುದಕ್ಕೆ ನಿನ್ನ ಯೋಗ್ಯತೆ ಹೆಚ್ಚು ಎಂಬುದು ಕಾರಣ ಎಂದು ಮಾತ್ರ ನಂಬಬೇಡ. ನಿನ್ನ ಪಗಾರವನ್ನು ಲೋಕದ ಮಾರುಕಟ್ಟೆ ಗೊತ್ತುಮಾಡಿತು. ಅವರದನ್ನು ಗೊತ್ತುಮಾಡುವುದು ಬಜೆಟ್ಟು, ಅಂದರೆ ನೀನು, ನಾನು, ನಾವು ಓಟು ಹಾಕಿ ಕಳಿಸಿದವರು. ಮಾರುಕಟ್ಟೆಯನ್ನು ಬದಲಿಸುವುದು ನಮ್ಮ ಕೈಲಿಲ್ಲದಿರಬಹುದು, ಬಜೆಟ್ಟು ಇದೆ. ಆಶಾ ಧರಣಿ ಕೂತಾಗ ಟ್ರಾಫಿಕ್ಕು ಎಂದು ಗೊಣಗುವವರ ಜೊತೆ ನೀನು ಸೇರಬಾರದು, ತೆರಿಗೆ ಕಟ್ಟುವ ನೀನೇ ಅವರ ಪರವಾಗಿ ಗಟ್ಟಿಯಾಗಿ ಮಾತಾಡಬೇಕು.

ಬಜೆಟ್ಟು ಬದಲಾಗುತ್ತದೆ ಎನ್ನುವುದಕ್ಕೆ ಆ ಹುಡುಗಿಯೇ ಸಾಕ್ಷಿ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರವರೆಗೂ ತಿಂಗಳಿಗೆ 11,000, ನೆಟ್ ಪಾಸಾದವರಿಗೆ 13,000. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲೇ ತಿಂಗಳಿಗೆ 50,000ದವರೆಗೆ ಕೊಡಬಹುದು ಎಂದಿತ್ತು. ತಿಂಗಳುಗಟ್ಟಲೆ ತರಗತಿ ಬಹಿಷ್ಕರಿಸಿ ಹೋರಾಡಿದ ಮೇಲೆ 2022ರ ಜನವರಿಯಲ್ಲಿ ಅದು 26,000ದಿಂದ 32,000ಕ್ಕೆ ಏರಿತು. ಆಮೇಲೂ ಸೇವೆಯ ವರ್ಷ ನೋಡಿ ಒಂದಿಷ್ಟು ಹೆಚ್ಚಾಗಿದೆ. ಕಲಿಸುವ ಪಾಠ ಅದೇ, ಕರಿಹಲಗೆ ಅದೇ. ಆದರೆ ಒಬ್ಬೊಬ್ಬರಿಗೂ ವಾರಕ್ಕೆ 15 ಗಂಟೆ ಪಾಠ ಎಂದು ನಿಗದಿ ಮಾಡಿದ್ದರಿಂದ ಕಡಿಮೆ ಜನ ಸಾಕಾಗಿ ಹಲವರ ಕೆಲಸವೇ ಹೋಯಿತು. ಉಳಿದವರಿಗೂ ರಜೆಯ ತಿಂಗಳುಗಳಲ್ಲಿ ಹಣವಿಲ್ಲ. ನಾನು ಕಾಯಂ ಉಪನ್ಯಾಸಕಿಯಾಗಿ, ಅದೇ ಸಿಬ್ಬಂದಿ ಕೊಠಡಿಯಲ್ಲಿ, ಅದೇ ಮೇಜಿನ ಆ ಬದಿಗೆ ಅವರನ್ನು ಕೂರಿಸಿಕೊಂಡು, ಅವರ ಹಲವು ಪಟ್ಟು ಸಂಬಳ ಎಣಿಸಿಕೊಂಡೆ. ಆಗ ನಾನು ಸಾಕಷ್ಟು ದನಿ ಎತ್ತಲಿಲ್ಲ ಎಂಬ ನೋವು ನನಗಿದೆ.

ಮೊನ್ನೆ ಫೋನು ಮಾಡಿದ್ದಳು. ಈ ವರ್ಷದ ನೇಮಕದ ಕೌನ್ಸೆಲಿಂಗ್ ಪಟ್ಟಿ ಇನ್ನೂ ಬಂದಿಲ್ಲವಂತೆ. ಪಕ್ಕದ ಊರಿನ ಕಾಲೇಜಾದರೂ ಸಿಕ್ಕರೆ ಸಾಕು, ಬಸ್ಸಿದೆ ಎಂದಳು. ಅವನು ಅವಳ ಮಗನಿಗೆ ಒಂದು ಹಳೆಯ ಲ್ಯಾಪ್‌ಟಾಪ್ ಕಳಿಸಿದ್ದಾನಂತೆ.

ನಮಸ್ಕಾರ.