ಸೂಲ್ವೆನ್: ಒಬ್ಬರೇ ಹತ್ತಿ ಇಳಿಯುವ ಒಂದು ದಿನದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಸ್ಕಾಟ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಅಸಿಂಟ್ ಸೀಮೆಯಲ್ಲಿರುವ ಸೂಲ್ವೆನ್ ಬೆಟ್ಟದ ಎತ್ತರ 731 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂಕಿ ನೋಡಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಳ್ಳಯ್ಯನಗಿರಿಗೆ ನೆತ್ತಿಯ ಹತ್ತಿರದವರೆಗೂ ರಸ್ತೆಯಿದೆ. ಸೂಲ್ವೆನ್‌ಗೆ ಕಡಲ ದಂಡೆಯ ಲಾಕಿನ್ವರ್ ಊರಿನ ಹೊರಗೆ ಕಾರು ಬಿಟ್ಟರೆ ಹೋಗಿಬರಲು ಸುಮಾರು 20 ಕಿ.ಮೀ. ನಡಿಗೆ. ಗ್ಲೆನ್‌ಕ್ಯಾನಿಸ್ಪ್ ಲಾಡ್ಜ್ ದಾಟಿದ ಮೇಲೆ ಜನವಸತಿಯೇ ಇಲ್ಲ. ಕಾಲು ಉಳುಕಿದರೆ ಸಹಾಯ ತಲುಪಲು ತಾಸುಗಟ್ಟಲೆ ಹಿಡಿಯುತ್ತದೆ. ಒಬ್ಬರೇ ಹೋಗುವವರ ತಯಾರಿಯೆಲ್ಲ ಈ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಗಬೇಕು.

ಮೊದಲು ಸಮಯ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ದಾರಿಯ ಏರಿಳಿತವೆಲ್ಲ ಸೇರಿ ಇಲ್ಲಿ ಏರುವುದು ಸುಮಾರು 900 ಮೀಟರ್. ಅಂದರೆ ನಾಲ್ಕು ಗಂಟೆಗೆ ಒಂದೂವರೆ ಸೇರಿ ಐದೂವರೆ. ಇದು ನಿಲ್ಲದೆ, ಜಾರದೆ ನಡೆದರೆ ಮಾತ್ರ. ಕೆಸರು, ಊಟ, ನಕ್ಷೆ ನೋಡುವುದು ಎಲ್ಲ ಸೇರಿದರೆ ಎಂಟು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಹೊರಟವರು, ಎಲ್ಲೇ ಇರಲಿ, ಮಧ್ಯಾಹ್ನ ಒಂದಕ್ಕೆ ಹಿಂದಿರುಗಲೇಬೇಕು. ಆ ಗಂಟೆಯನ್ನು ಮನೆಯಲ್ಲೇ ತೀರ್ಮಾನಿಸಿ. ಶಿಖರ ಕಣ್ಣೆದುರಿಗಿದ್ದಾಗ ತೀರ್ಮಾನಿಸಲು ಹೋದರೆ ಮನಸ್ಸು ಮಾತು ಕೇಳುವುದಿಲ್ಲ. ಜೂನ್‌ನಲ್ಲಿ ಇಲ್ಲಿ ಸುಮಾರು 18 ಗಂಟೆ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆಗ ಒಬ್ಬರೇ ಹೋಗಲೇಬೇಡಿ ಎಂಬುದು ನನ್ನ ಸಲಹೆ.

ಲಾಡ್ಜಿನಿಂದ ಪೂರ್ವಕ್ಕೆ ಹೋಗುವ ದಾರಿ ಸ್ಪಷ್ಟವಾಗಿದೆ. ಮಧ್ಯೆ ಎಡಕ್ಕೆ ಸೂಲೆಗ್ ಬಾಥಿಗೆ ಕವಲು ಒಡೆಯುತ್ತದೆ. ಬಾಥಿ ಎಂದರೆ ಯಾರು ಬೇಕಾದರೂ ತಂಗಬಹುದಾದ, ಬೀಗವಿಲ್ಲದ ಕಲ್ಲಿನ ಮನೆ. ಅದು ಎಲ್ಲಿದೆಯೆಂದು ಹೋಗುವಾಗಲೇ ನೋಡಿಟ್ಟುಕೊಳ್ಳಿ. ಮುಂದೆ ಸೇತುವೆಯಲ್ಲಿ ಹೊಳೆ ದಾಟಿದ ಮೇಲೆ ಬಲಕ್ಕೆ ತಿರುಗಿ ಬೆಟ್ಟದ ಕಡೆಗೆ ನಡೆಯಬೇಕು. ಇಲ್ಲಿನ ತಳಬಂಡೆ ಬಹು ಪುರಾತನವಾದ ನೈಸ್ ಶಿಲೆ. ಹಿಮನದಿಗಳು ಉಜ್ಜಿಹೋದ ಈ ಬಂಡೆಯಲ್ಲಿ ನೀರು ಇಂಗುವುದಿಲ್ಲ. ಅದಕ್ಕೇ ಎಲ್ಲೆಲ್ಲೂ ಕೆರೆ, ಜೌಗು. ಮೇಲಿನ ಬೆಟ್ಟ ಮಾತ್ರ ಮರಳುಗಲ್ಲು. ದಾರಿಯನ್ನು ಕೆಲವು ವರ್ಷಗಳ ಹಿಂದೆ ಕಲ್ಲು ಹಾಸಿ ದುರಸ್ತಿ ಮಾಡಿದ್ದಾರೆ. ಕೆಸರು ತಪ್ಪಿಸಲು ಪಕ್ಕದ ಹುಲ್ಲು ತುಳಿದರೆ ದಾರಿ ಅಗಲವಾಗುತ್ತಾ ಜೌಗು ಹಾಳಾಗುತ್ತದೆ. ದಯವಿಟ್ಟು ಕಲ್ಲಿನ ಮೇಲೇ ನಡೆಯಿರಿ.

ಕೊನೆಗೆ ಕಡಿದಾದ ಕೊರಕಲು. ಅದರ ಮೇಲ್ಭಾಗದಲ್ಲಿ ಸಡಿಲ ಜಲ್ಲಿ. ಹತ್ತುವಾಗ ಗೊತ್ತಾಗದಿದ್ದರೂ ಇಳಿಯುವಾಗ ಕಾಲು ಜಾರುವುದು ಇಲ್ಲೇ. ಕೊರಕಲು ಮುಗಿಯುವುದು ಎರಡು ಶಿಖರಗಳ ನಡುವಿನ ಕಣಿವೆಯಲ್ಲಿ, ಅದೇ ಬ್ಯಾಲಖ್ ಮೋರ್. ಇಲ್ಲಿ ಐದು ನಿಮಿಷ ನಿಲ್ಲಲೇಬೇಕು. ಬಂದ ದಾರಿ ಏಣನ್ನು, ಅಂದರೆ ಬೆಟ್ಟದ ನೆತ್ತಿಯ ಉದ್ದನೆಯ ಅಂಚನ್ನು, ಮುಟ್ಟುವ ಜಾಗವನ್ನು ತಿರುಗಿ ನೋಡಿ, ಫೋಟೊ ತೆಗೆಯಿರಿ, ಜಿಪಿಎಸ್‌ನಲ್ಲಿ ಗುರುತು ಹಾಕಿ. ಬಲಕ್ಕೆ, ಅಂದರೆ ಪಶ್ಚಿಮಕ್ಕೆ, ಏಣಿನ ಅಡ್ಡಕ್ಕೆ ಕಟ್ಟಿರುವ ಹಳೆಯ ಕಲ್ಲುಗೋಡೆಯ ಸಂದಿನಲ್ಲಿ ನುಸುಳಿ ಹೋದರೆ ಶಿಖರ, ಕ್ಯಾಶ್ಚಲ್ ಲಿಯ. ಒಂದೆರಡು ಕಡೆ ಕೈ ಊರಬೇಕಾಗುತ್ತದೆ. ಎಡಗಡೆಯ 723 ಮೀಟರಿನ ಶಿಖರಕ್ಕೆ ನಿಜವಾದ ಬಂಡೆ ಹತ್ತುವಿಕೆಯಿದೆ. ಒಬ್ಬರೇ ಇದ್ದಾಗ ಅದನ್ನು ಬಿಟ್ಟುಬಿಡಿ.

ಮಂಜು ಕವಿದಾಗ ಆಗುವ ದೊಡ್ಡ ತಪ್ಪು ಇಳಿಯುವಾಗಿನದು. ಶಿಖರದ ತುದಿಯಿಂದ ಪಶ್ಚಿಮಕ್ಕೆ ಪ್ರಪಾತ. ಹಿಂದಿರುಗಬೇಕಾದ್ದು ಪೂರ್ವ-ಆಗ್ನೇಯಕ್ಕೆ. ಕಣಿವೆಯಲ್ಲಿ ಉತ್ತರಕ್ಕೆ ಇಳಿಯುವ ಬದಲು ದಕ್ಷಿಣಕ್ಕೆ ಇಳಿದರೆ ಬೆಟ್ಟದ ಆಚೆ ಬದಿಗೆ ಹೋಗಿ, ಕಾರಿನಿಂದ ಮೈಲಿಗಟ್ಟಲೆ ದೂರ ಸಿಕ್ಕಿಬೀಳುತ್ತೀರಿ. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ. ಹಾಗಾಗಿ ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡನೆನ್ಸ್ ಸರ್ವೆಯ 1:25,000 ಅಳತೆಯ 442ನೇ ನಕ್ಷೆ ಮತ್ತು ದಿಕ್ಸೂಚಿ ಚೀಲದಲ್ಲಿರಲಿ, ಬಳಸಲೂ ಬರಲಿ.

ಉಳಿದ ಸಾಮಾನು: ಮಳೆ ಕೋಟು ಮತ್ತು ಪ್ಯಾಂಟು, ಒಣ ಉಣ್ಣೆಯ ಒಂದು ಮೇಲಂಗಿ, ಟೋಪಿ, ಕೈಗವಸು, ಹೆಡ್ ಟಾರ್ಚು, ಸೀಟಿ, ಮೈಮುಚ್ಚುವ ತುರ್ತು ಚೀಲ, ಎರಡು ಲೀಟರ್ ನೀರು. ಹತ್ತಿ ಬಟ್ಟೆ ಬೇಡ. ಒದ್ದೆಯಾದರೆ ಗಾಳಿಗೆ ಮೈಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಮುನ್ಸೂಚನೆಯಲ್ಲಿ ಶಿಖರದ ಗಾಳಿ ಗಂಟೆಗೆ 60 ಕಿ.ಮೀ. ದಾಟಿದ್ದರೆ ಏಣಿನ ಮೇಲೆ ಹೋಗಬೇಡಿ. ಗಾಳಿ ಪೂರ್ತಿ ನಿಂತರೆ, ಬೇಸಿಗೆಯಲ್ಲಿ, ಮಿಜ್ ಎಂಬ ಕಚ್ಚುವ ನುಸಿಗಳು ಮುತ್ತುತ್ತವೆ. ತಲೆಗೆ ಬಲೆ ಇರಲಿ.

ತುರ್ತಿಗೆ 999. ಮೊದಲು ಪೊಲೀಸರನ್ನು, ಅವರ ಮೂಲಕ ಮೌಂಟನ್ ರೆಸ್ಕ್ಯೂವನ್ನು ಕೇಳಬೇಕು. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗಬಹುದು, ಆದರೆ ಅದಕ್ಕೆ ಮೊದಲೇ 999ಕ್ಕೆ 'ರಿಜಿಸ್ಟರ್' ಎಂಬ ಇಂಗ್ಲಿಷ್ ಪದ ಕಳುಹಿಸಿ ನೋಂದಾಯಿಸಿಕೊಂಡಿರಬೇಕು. ಸೀಟಿಯಾದರೆ ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಹೋಗುವ ದಾರಿ, ಬರುವ ಗಂಟೆ, ಎಷ್ಟು ಹೊತ್ತು ಮೀರಿದರೆ ಪೊಲೀಸರಿಗೆ ಹೇಳಬೇಕು ಎಂಬುದನ್ನು ಒಬ್ಬರಿಗೆ ಬರೆದುಕೊಟ್ಟು ಹೊರಡಿ. ಕಾರಿಗೆ ತಲುಪಿದ ಮೇಲೆ ಮೊದಲು ಅವರಿಗೆ ತಿಳಿಸಿ. ಅಸಿಂಟ್‌ನ ರಕ್ಷಣಾ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು. ನೀವು ಹೋಟೆಲಿನಲ್ಲಿ ಊಟಕ್ಕೆ ಕೂತಿರುವಾಗ ಅವರು ಕತ್ತಲಲ್ಲಿ ಬೆಟ್ಟ ಹುಡುಕುವಂತಾಗಬಾರದು.