ಹೆಸರು ಹೇಳದೆ ಅತ್ತ ಹಾಡು

ಸ್ನೇಹಿತರೇ,

ಬೆಳಗಿನ ಗೋಷ್ಠಿಯಲ್ಲಿ ಹಿರಿಯರೊಬ್ಬರು ಕೇಳಿದರು, "ಈ ಕೊರಿಯಾ ಹುಡುಗರ ಹಾಡಿನಲ್ಲಿ ಬಣ್ಣದ ಕೂದಲು, ಕುಣಿತ ಬಿಟ್ಟರೆ ಏನಿದೆ?" ಹಿಂದಿನ ಸಾಲಿನ ಹುಡುಗಿಯರ ಮುಖ ಬಾಡಿದ್ದನ್ನು ನಾನು ನೋಡಿದೆ. ಅದಕ್ಕೇ ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಸಂಗೀತದ ಬಗ್ಗೆ ಬರೆದುಕೊಂಡು ಬಂದಿದ್ದ ಭಾಷಣ ಬದಿಗಿಟ್ಟು, ಅಲ್ಲಿನ ಏಳು ಹುಡುಗರ ತಂಡ ಬಿಟಿಎಸ್‌ನ ಒಂದೇ ಒಂದು ಹಾಡಿನ ಬಗ್ಗೆ ಮಾತಾಡುತ್ತೇನೆ. 2017ರ ಫೆಬ್ರವರಿ 13ರಂದು ಬಂದ ‘ಸ್ಪ್ರಿಂಗ್ ಡೇ’. ನೋಡಿ, ಹೆಸರು ಕೇಳಿದ್ದಕ್ಕೇ ಚಪ್ಪಾಳೆ ಬಂತು! ಇವತ್ತು ನನ್ನ ಮಾತಿಗೆ ಬೀಳುವ ಅತಿ ದೊಡ್ಡ ಚಪ್ಪಾಳೆ ಇದೇ ಇರಬೇಕು. ಸಂತೋಷ.

ಈ ಹಾಡು ಯಾರ ಹೆಸರನ್ನೂ ಹೇಳುವುದಿಲ್ಲ. ಒಬ್ಬ ಗೆಳೆಯ ದೂರ ಆಗಿದ್ದಾನೆ, ಅವನನ್ನು ನೋಡಬೇಕು ಅನ್ನಿಸುತ್ತಿದೆ, ಅಷ್ಟೇ. ಆದರೆ ಅದು ಬಂದ ಕಾಲ ಯಾವುದು ಅಂತ ಮೊದಲು ನೋಡಬೇಕು.

2014ರ ಏಪ್ರಿಲ್ 15ರ ರಾತ್ರಿ ಇಂಚಿಯಾನ್ ಬಂದರಿನಿಂದ ಸೆವೋಲ್ ಅನ್ನುವ ಹಡಗು ಜೇಜು ದ್ವೀಪಕ್ಕೆ ಹೊರಟಿತು. ಅದರಲ್ಲಿ ಆನ್ಸಾನ್ ಊರಿನ ದಾನ್‌ವೋನ್ ಹೈಸ್ಕೂಲಿನ ಮಕ್ಕಳು ಪ್ರವಾಸಕ್ಕೆ ಹೋಗುತ್ತಿದ್ದರು. ಮರುದಿನ ಬೆಳಿಗ್ಗೆ ಹಡಗು ವಾಲಿತು. ಮಿತಿ ಮೀರಿ ಸರಕು ತುಂಬಿದ್ದರು. ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ ಮಾತು: ಇದ್ದಲ್ಲೇ ಇರಿ. ಮಕ್ಕಳು ದೊಡ್ಡವರ ಮಾತು ಕೇಳಿದರು. ಇದ್ದಲ್ಲೇ ಇದ್ದರು. ಕ್ಯಾಪ್ಟನ್ ಮೊದಲೇ ಪಾರಾಗಿ ದಡ ಸೇರಿದ್ದ. 304 ಜನ ಸತ್ತರು, ಅದರಲ್ಲಿ 250 ಜನ ಆ ಶಾಲೆಯ ಮಕ್ಕಳು.

ಇದನ್ನು ಎಷ್ಟು ಸಲ ಹೇಳಿದರೂ ನನಗೆ ‘ಇದ್ದಲ್ಲೇ ಇರಿ’ ಅನ್ನುವ ಜಾಗಕ್ಕೆ ಬಂದಾಗ ಗಂಟಲು ಕಟ್ಟುತ್ತದೆ. ಈ ಸಭೆಯಲ್ಲಿ ಮೇಷ್ಟ್ರುಗಳು ಜಾಸ್ತಿ ಇದ್ದಾರೆ. ಮಕ್ಕಳಿಗೆ ನಾವು ದಿನಾ ಹೇಳುವ ಮಾತು ಅದೇ ಅಲ್ವಾ?

ಇನ್ನೊಂದು ವಿಷಯ. ಆ ಮಕ್ಕಳಲ್ಲಿ ಬಹುಪಾಲು 1997ರಲ್ಲಿ ಹುಟ್ಟಿದವರು. ಬಿಟಿಎಸ್‌ನ ಎಲ್ಲರಿಗಿಂತ ಚಿಕ್ಕವನಾದ ಜಂಗ್‌ಕುಕ್ ಹುಟ್ಟಿದ್ದೂ 1997ರಲ್ಲೇ. ಅಂದರೆ ಹಡಗು ಮುಳುಗಿದಾಗ ಈ ಹುಡುಗನಿಗೆ ಆ ಮಕ್ಕಳದ್ದೇ ವಯಸ್ಸು. ಬೇರೆ ಯಾರದೋ ಕಾಲದ ದುಃಖವನ್ನು ಇವರು ಹಾಡಲಿಲ್ಲ. ಹೋದದ್ದು ಅವರ ಓರಗೆಯವರು.

ಹಾಡು ಬಂದ ದಿನ ಹಡಗು ಇನ್ನೂ ಸಮುದ್ರದ ತಳದಲ್ಲೇ ಇತ್ತು. ಒಂಬತ್ತು ಜನರ ದೇಹ ಸಿಕ್ಕಿರಲಿಲ್ಲ. ಪೆಂಗ್‌ಮೋಕ್ ಬಂದರಿನ ಕಂಟೇನರ್ ಮನೆಗಳಲ್ಲಿ ಅವರ ಮನೆಯವರು ಸುಮಾರು ಮೂರು ವರ್ಷದಿಂದ ಕಾಯುತ್ತಿದ್ದರು. ಹಡಗು ನೀರಿನ ಮೇಲೆ ಕಂಡಿದ್ದು ಹಾಡು ಬಂದ ಮೇಲೆ, ಅದೇ ವರ್ಷದ ಮಾರ್ಚ್ 23ರಂದು. ಈಗ ಹಾಡು ಕೇಳಿ. ಇನ್ನೆಷ್ಟು ಕಾಯಬೇಕು, ಇನ್ನೆಷ್ಟು ರಾತ್ರಿ ಕಳೆದರೆ ನಿನ್ನ ಮುಖ ಕಾಣುತ್ತದೆ ಅಂತ ಅದು ಕೇಳುತ್ತದೆ. ಇಲ್ಲಿ ಬರೀ ಚಳಿಗಾಲ, ಆಗಸ್ಟ್‌ನಲ್ಲೂ ಚಳಿಗಾಲ ಅನ್ನುತ್ತದೆ. ನಮಗೆ ಆಗಸ್ಟ್ ಅಂದರೆ ಮಳೆ. ಅಲ್ಲಿ ಅದು ಉರಿ ಬೇಸಿಗೆ. ಹೆಸರು ಹೇಳಿಲ್ಲ. ಆದರೆ ಕೊರಿಯಾದ ಯಾವ ತಾಯಿಗೆ ಅರ್ಥ ಆಗಲಿಲ್ಲ ಹೇಳಿ!

ಯಾಕೆ ಸೆವೋಲ್ ಹೆಸರು ಹೇಳಲಿಲ್ಲ, ಹೆದರಿದರಾ ಅಂತ ಕೆಲವರು ಆಕ್ಷೇಪಿಸುತ್ತಾರೆ. ಆಗಿನ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಸರ್ಕಾರದಲ್ಲಿ ಕಲಾವಿದರ ಕಪ್ಪು ಪಟ್ಟಿಯೊಂದಿತ್ತು. 9,473 ಹೆಸರುಗಳು. ಸೆವೋಲ್ ಬಗ್ಗೆ ಹೇಳಿಕೆಗೆ ಸಹಿ ಹಾಕಿದ ಬರಹಗಾರರೂ ಅದರಲ್ಲಿದ್ದರು. ಅಂಥ ಹೊತ್ತಿನಲ್ಲಿ, 2017ರ ಜನವರಿಯಲ್ಲಿ, ಈ ಏಳು ಹುಡುಗರೂ ಅವರ ಕಂಪನಿಯೂ ಸೇರಿ ಸೆವೋಲ್ ಕುಟುಂಬಗಳಿಗೆ 10 ಕೋಟಿ ವಾನ್ ಕೊಟ್ಟರು. ಮುಂದಿನ ತಿಂಗಳೇ ಈ ಹಾಡು. ಹೆದರಿದವರು ಹೀಗೆ ಮಾಡುತ್ತಾರಾ?

ನನ್ನ ವಾದ ಬೇರೆಯೇ ಇದೆ. ಹೆಸರು ಹೇಳದ್ದಕ್ಕೇ ಈ ಹಾಡು ಉಳಿಯಿತು. ಹೇಳಿದ್ದರೆ ಪ್ರತಿ ಏಪ್ರಿಲ್ 16ಕ್ಕೆ ಒಮ್ಮೆ ಹಾಕುತ್ತಿದ್ದರು. ಹೇಳದೆ ಬಿಟ್ಟದ್ದರಿಂದ ಅಮ್ಮನನ್ನು ಕಳೆದುಕೊಂಡವನೂ, ಊರು ಬಿಟ್ಟ ಗೆಳೆಯನನ್ನು ನೆನೆಯುವವನೂ ಅದರಲ್ಲಿ ತನ್ನವರನ್ನು ಕಂಡುಕೊಂಡ. ತಂಡದ ಶುಗಾ ಹಾಡುವ ಭಾಗ ನೋಡಿ. ನಿನ್ನ ಮೇಲೆ ಸಿಟ್ಟಿದೆ ಅನ್ನುತ್ತಾನೆ. ಒಂದು ದಿನವೂ ಮರೆತಿಲ್ಲ ಅನ್ನುತ್ತಾನೆ. ಮನಸ್ಸಿಂದ ಅಳಿಸಿಬಿಡುತ್ತೇನೆ, ನಿನ್ನನ್ನು ದೂರುವುದಕ್ಕಿಂತ ಅದರಲ್ಲಿ ನೋವು ಕಡಿಮೆ ಅನ್ನುತ್ತಾನೆ. ಆಮೇಲೆ, ಬಾಯಲ್ಲಿ ಹೇಳಿದರೂ ನಿನ್ನನ್ನು ಕಳಿಸಿಕೊಡಲು ಆಗುತ್ತಿಲ್ಲ ಅಂತ ಸಾಲು ಬರುತ್ತದೆ. ಸತ್ತವರ ಮೇಲೆ ಸಿಟ್ಟು ಬರುತ್ತದೆ ಅಂತ ಒಪ್ಪಿಕೊಳ್ಳುವ ಹಾಡು ಎಷ್ಟಿವೆ? ಸಾವು ಕಂಡ ಮನೆಯವರಿಗೆ ಇದು ಗೊತ್ತು. ಸುಮ್ನೆ ಯಾರೂ ಬಾಯಿ ಬಿಡುವುದಿಲ್ಲ.

ಸಭೆಯ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದೇ ನಿಮಿಷವಂತೆ. ಹಾಡಿನ ವಿಡಿಯೋ ಬಗ್ಗೆ ಹೇಳಲು ಬಹಳ ಇತ್ತು. ಹಳೇ ರೈಲ್ವೆ ನಿಲ್ದಾಣ, ಗುಡ್ಡೆ ಹಾಕಿದ ಬಟ್ಟೆ, ಮರಕ್ಕೆ ನೇತುಹಾಕಿದ ಶೂ, ಹಳದಿ ರಿಬ್ಬನ್. ಹಳದಿ ರಿಬ್ಬನ್ ಸೆವೋಲ್ ನೆನಪಿನ ಗುರುತು. ಒಂದು ಕಟ್ಟಡದ ಮೇಲೆ ‘ಒಮೆಲಾಸ್’ ಅಂತ ಬೋರ್ಡಿದೆ. ಅದು ಅಮೆರಿಕದ ಲೇಖಕಿ ಉರ್ಸುಲಾ ಲೆಗ್ವಿನ್ ಕಥೆಯ ಊರು. ಒಂದು ಮಗುವನ್ನು ಕತ್ತಲಲ್ಲಿ ಕೂಡಿಹಾಕಿ ಊರೆಲ್ಲ ಸುಖವಾಗಿರುತ್ತದೆ. ಕೆಲವರು ಮಾತ್ರ ಆ ಸುಖ ಬೇಡ ಅಂತ ಊರು ಬಿಟ್ಟು ನಡೆಯುತ್ತಾರೆ. ವಿಡಿಯೋದಲ್ಲಿ ಈ ಹುಡುಗರೂ ಕೇಕಿನ ಪಾರ್ಟಿ ಬಿಟ್ಟು ಹೊರಡುತ್ತಾರೆ. 250 ಮಕ್ಕಳನ್ನು ಕಳೆದುಕೊಂಡ ದೇಶಕ್ಕೆ ಇದಕ್ಕಿಂತ ನೇರವಾಗಿ ಹೇಳುವುದು ಹೇಗೆ?

ಹಾಡು ಎಷ್ಟು ಬಾಳಿತು ಅಂತ ಒಂದು ಮಾತು. ಕೊರಿಯಾದ ಮೆಲಾನ್ ಅನ್ನುವ ಹಾಡಿನ ಆ್ಯಪ್‌ನ ಪಟ್ಟಿಯಲ್ಲಿ ಇದು ಐದು ವರ್ಷಕ್ಕೂ ಜಾಸ್ತಿ ನಿಂತಿತು. ಅಲ್ಲಿ ಹಾಡುಗಳು ವಾರಗಳಲ್ಲಿ ಮಾಯವಾಗುತ್ತವೆ. ಆರ್‌ಎಮ್ ಅನ್ನುವ ತಂಡದ ಹುಡುಗ ಬರೆಯುವ ರೀತಿ, ಗಿಟಾರ್ ಬಳಸಿದ ರೀತಿ, ಇವನ್ನೆಲ್ಲ ಇನ್ನೊಮ್ಮೆ ಹೇಳುತ್ತೇನೆ.

ಬೆಳಿಗ್ಗೆ ಪ್ರಶ್ನೆ ಕೇಳಿದ ಹಿರಿಯರು ಇಲ್ಲೇ ಕೂತಿದ್ದಾರೆ. ಸರ್, ನಾಲ್ಕೂವರೆ ನಿಮಿಷದ ಹಾಡು. ದಯವಿಟ್ಟು ಪೂರ್ತಿ ಕೇಳಿ, ಆಮೇಲೆ ನಿಮ್ಮ ಪ್ರಶ್ನೆಯನ್ನು ಮತ್ತೆ ಕೇಳಿ, ಇಬ್ಬರೂ ಕೂತು ಮಾತಾಡೋಣ. ಮೈಕ್‌ನವರೇ, ಹಾಡು ಹಾಕಿ. ಸ್ವಲ್ಪ ಜೋರಾಗೇ ಹಾಕಿ.